ಬಾಗಿಲಿನ ಬಗ್ಗೆ ವಿಶೇಷ ಆಸಕ್ತಿ

ನನ್ನ ಕೆಲಸದಲ್ಲಿ ನಗು ಬರುವಂಥದ್ದೇನೂ ನಡೆಯದೆ ಒಂದು ವಾರ ಕಳೆಯಿತೆಂದರೆ, ಆ ವಾರ ನಾನು ರಜೆಯಲ್ಲಿದ್ದೆ ಎಂದೇ ಅರ್ಥ. ಸರ್ಕಾರಿ ಶಾಲೆಗಳಲ್ಲಿ ಓದುವ ವಿಶೇಷಚೇತನ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕಿ ನಾನು. ಈ ಹೆಸರನ್ನು ಪೂರ್ತಿ ಹೇಳುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿರುತ್ತದೆ. ಅದಕ್ಕೇ ಹಳ್ಳಿಗಳಲ್ಲಿ ಜನ ‘ಸುತ್ತೋ ಮೇಡಮ್ಮು’ ಎಂದು ಚಿಕ್ಕದು ಮಾಡಿಕೊಂಡಿದ್ದಾರೆ.

ಹೆಸರಿಗೆ ತಕ್ಕ ಹಾಗೆ ಸುತ್ತಿದ್ದೇನೆ ಕೂಡ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸೇರಿ ನಮ್ಮದೊಂದು ಶೈಕ್ಷಣಿಕ ಜಿಲ್ಲೆ. ವರ್ಗಾವಣೆ, ನಿಯೋಜನೆ, ‘ನೀವೇ ಸ್ವಲ್ಪ ನೋಡಿಕೊಳ್ಳಿ ಮೇಡಂ’ ಎಂಬ ನಾನಾ ಹೆಸರುಗಳಲ್ಲಿ ನಾಲ್ಕೂ ಕಡೆ ನೀರು ಕುಡಿದಿದ್ದೇನೆ. ಯಾವ ದಿನ ಯಾವ ಶಾಲೆಗೆ ಹೋದೆ, ಯಾವ ಮಗುವನ್ನು ನೋಡಿದೆ ಎಂದು ಟೂರ್ ಡೈರಿ ಬರೆಯಬೇಕು. ನಾನು ಅದನ್ನು ಬಸ್ಸಿನಲ್ಲೇ ಬರೆಯುವುದರಿಂದ ಅಕ್ಷರಗಳು ಕುಣಿಯುತ್ತಿರುತ್ತವೆ. ಯಾವುದಾದರೂ ದಿನದ ಅಕ್ಷರ ಮಾತ್ರ ದುಂಡಗೆ, ಮುತ್ತು ಪೋಣಿಸಿದ ಹಾಗೆ ಇದ್ದರೆ, ಆ ದಿನ ಈಕೆ ಬಸ್ಸೇ ಹತ್ತಿಲ್ಲ, ಮನೆಯಲ್ಲಿ ಕೂತು ಬರೆದಿದ್ದಾಳೆ ಎಂದು ತಿಳಿದವರಿಗೆ ತಿಳಿಯುತ್ತದೆ. ಪುಣ್ಯಕ್ಕೆ ಇಲಾಖೆಯಲ್ಲಿ ತಿಳಿದವರು ಕಡಿಮೆ.

೧. ರೊಪ್ಪದ ಹಾಜರಿ

ಮಿಡಿಗೇಶಿ ಕಡೆಯ ಒಂದು ಊರು. ಹೆಸರು ಬೇಡ, ನಾನು ಮತ್ತೆ ಅಲ್ಲಿಗೆ ಹೋಗಬೇಕು. ಕಳೆದ ಜೂನ್‌ನಲ್ಲಿ ಅಲ್ಲಿಯ ಕಿರಿಯ ಪ್ರಾಥಮಿಕ ಶಾಲೆಗೆ ಒಬ್ಬ ಅಜ್ಜಿ ತನ್ನ ಮೊಮ್ಮಗಳ ಕೈ ಹಿಡಿದುಕೊಂಡು ಬಂದಳು. ಕುರಿ ಸಾಕುವ ಮನೆ, ಪಕ್ಕದಲ್ಲೇ ಕುರಿ ಕೂಡುವ ರೊಪ್ಪ. ಹುಡುಗಿಯ ತಾಯಿ ಬೆಳಕು ಹರಿಯುವ ಹೊತ್ತಿಗೆ ಗಾರ್ಮೆಂಟ್ಸ್ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ಹುಡುಗಿಗೆ ಏಳು ವರ್ಷ. ಯಾರ ಮುಖವನ್ನೂ ನೋಡುವುದಿಲ್ಲ, ಕೂಗಿದರೆ ತಿರುಗುವುದಿಲ್ಲ, ಮಾತು ಬೆರಳೆಣಿಕೆಯಷ್ಟು. ಆಟಿಸಂ ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು.

“ಮಾತು ಕಮ್ಮಿ ಕಣಮ್ಮ, ಆದ್ರೆ ಲೆಕ್ಕ ತಪ್ಪಾಕಿಲ್ಲ” ಎಂದಳು ಅಜ್ಜಿ. “ಸಂಜೆ ಕುರಿ ಬಂದ್ರೆ ರೊಪ್ಪದ ಬಾಗ್ಲಲ್ಲಿ ಇವ್ಳೇ ನಿಂತ್ಕಳೋದು. ಕರಿಕಿವಿ ಬಂತು, ಬೋಳಿ ಬಂತು, ಕುಂಟಿ ಬಂತು, ಇಂಗೆ ಒಂದೊಂದ್ನೂ ಯೋಳ್ತಾಳೆ. ಒಂದು ಕಮ್ಮಿ ಆಯ್ತೋ, ‘ಬಂದಿಲ್ಲ’ ಅಂತ ನಿಂತ್ಬುಟ್ರೆ ಮುಗೀತು. ಅದು ಬರೋವರ್ಗೂ ಒಳೀಕ್ ಬರಾಕಿಲ್ಲ. ಊಟಕ್ಕೂ ಬರಾಕಿಲ್ಲ. ಕೊನೀಗೆ ನಾನೇ ಬ್ಯಾಟ್ರಿ ಇಟ್ಕಂಡು ಹುಡುಕ್ಕಂಡ್ ಬರ್ಬೇಕು.”

ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಎಸ್‌ಡಿಎಂಸಿ ಎಂದರೆ ಪೋಷಕರೇ ಸೇರಿ ಶಾಲೆಯನ್ನು ನೋಡಿಕೊಳ್ಳುವ ಸಮಿತಿ. ಅಧ್ಯಕ್ಷರಾಗಬೇಕಾದರೆ ಅವರ ಮಗು ಅದೇ ಶಾಲೆಯಲ್ಲಿ ಓದುತ್ತಿರಬೇಕು ಎಂದು ನಿಯಮ. ನಮ್ಮ ಅಧ್ಯಕ್ಷರ ಮಗನೂ ಅದೇ ಶಾಲೆಯ ಮೂರನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಓದುತ್ತಿದ್ದ. ಅವನ ದೇಹ ಮಾತ್ರ ದಿನಾ ಬೆಳಿಗ್ಗೆ ಹಳದಿ ವ್ಯಾನು ಹತ್ತಿ ಮಧುಗಿರಿಯ ಕಾನ್ವೆಂಟಿಗೆ ಹೋಗುತ್ತಿತ್ತು. ಇದು ಊರಿಗೆಲ್ಲ ಗೊತ್ತು, ಹೆಡ್‌ಮೇಷ್ಟ್ರಿಗೆ ಗೊತ್ತು, ನನಗೂ ಗೊತ್ತು. ಮಕ್ಕಳ ಸಂಖ್ಯೆ ಕಡಿಮೆಯಾದರೆ ಪಕ್ಕದೂರಿನ ಶಾಲೆಗೆ ವಿಲೀನ ಮಾಡಿಬಿಡುತ್ತಾರೆಂಬ ಭಯದಲ್ಲಿ ಎಲ್ಲರೂ ಸುಮ್ಮನಿದ್ದೆವು.

ಅಧ್ಯಕ್ಷರು ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, “ಮೇಡಂ, ಇಂಥ ಮಗೀನ ಸೇರುಸ್ಕಂಡ್ರೆ ಸಂಖ್ಯೇಲಿ ಪೂರ್ತಿ ಒಂದು ಅಂತ ಲೆಕ್ಕ ಆಯ್ತದೋ, ಅರ್ಧ ಅಂತಲೋ?” ಎಂದು ಕೇಳಿದರು.

“ಪೂರ್ತಿ ಒಂದು” ಎಂದೆ.

“ಅಂಗಾದ್ರೆ ಬರ್ಕಳಿ” ಎಂದರು. ಸೇರ್ಪಡೆಯಾಯಿತು.

ತೊಂದರೆ ಶುರುವಾದದ್ದು ಎರಡನೇ ವಾರ. ಒಂದರಿಂದ ಮೂರನೇ ಕ್ಲಾಸಿನವರಿಗೆಲ್ಲ ಅಲ್ಲಿ ಒಂದೇ ಕೊಠಡಿ. ಬೆಳಿಗ್ಗೆ ಹೆಡ್‌ಮೇಷ್ಟ್ರು ಹಾಜರಿ ಕೂಗಿ ಮುಗಿಸುತ್ತಿದ್ದ ಹಾಗೆ ಹುಡುಗಿ ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ರಸ್ತೆಯನ್ನೇ ನೋಡುತ್ತ, ಬಿಸಿಯೂಟದ ಗಂಟೆ ಹೊಡೆದರೂ ನಿಂತೇ ಇರುತ್ತಿದ್ದಳು. ಎಳೆದು ಕೂರಿಸಿದರೆ ಕಿರುಚುತ್ತಿದ್ದಳು.

ನಾನು ಇದಕ್ಕೆಂದೇ ಇರುವವಳಲ್ಲವೇ? ಚಿತ್ರದ ಕಾರ್ಡುಗಳನ್ನು ಮಾಡಿ ಗೋಡೆಗೆ ಅಂಟಿಸಿದೆ. ಪ್ರಾರ್ಥನೆಯ ಚಿತ್ರ, ಕುಳಿತುಕೊಳ್ಳುವ ಚಿತ್ರ, ಪಾಠದ ಚಿತ್ರ, ಊಟದ ಚಿತ್ರ. ಕೆಳಗೆ ವಾರದ ದಿನಗಳಿಗೆ ಒಂದೊಂದು ಚೌಕ ಹಾಕಿ, ನಾನು ಬರುವುದು ಮಂಗಳವಾರವಾದ್ದರಿಂದ ಆ ಚೌಕದಲ್ಲಿ ನನ್ನದೇ ಪಾಸ್‌ಪೋರ್ಟ್ ಫೋಟೋ ಅಂಟಿಸಿದೆ. ಹುಡುಗಿ ಕಾರ್ಡುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದಳು, ನನ್ನ ಫೋಟೋದ ಮೇಲೆ ಬೆರಳಿಟ್ಟು “ಮೇಡಂ” ಎಂದಳು, ನಂತರ ಹೋಗಿ ಬಾಗಿಲಲ್ಲಿ ನಿಂತಳು.

ಅವತ್ತಿನ ವರದಿಯಲ್ಲಿ ನಾನು ಬರೆದದ್ದು ಇಷ್ಟು: ‘ಮಗುವಿಗೆ ಬಾಗಿಲಿನ ಬಗ್ಗೆ ವಿಶೇಷ ಆಸಕ್ತಿ ಇರುತ್ತದೆ.’

೨. ಮೈಕು ಸ್ವಲ್ಪ ಜೋರು

ಈ ಬಾಗಿಲ ವಿಷಯ ಹಾಗಿರಲಿ, ಆಟಿಸಂ ಎಂದರೇನೆಂದು ನಮ್ಮ ಕಡೆ ಹೇಗೆ ಅರಿವು ಮೂಡಿಸುತ್ತಾರೆಂದು ಹೇಳಿಬಿಡುತ್ತೇನೆ. ಹಿಂದೆ ಕೊರಟಗೆರೆ ತಾಲ್ಲೂಕಿನಲ್ಲಿದ್ದಾಗ ನಡೆದದ್ದು.

ಆಟಿಸಂ ಅರಿವು ದಿನಾಚರಣೆ ಮಾಡಿ ಫೋಟೋ ಕಳಿಸಿ ಎಂದು ಮೇಲಿನಿಂದ ವಾಟ್ಸಾಪ್ ಬಂತು. ನಮ್ಮಲ್ಲಿ ಯಾವ ದಿನಾಚರಣೆಯಾದರೂ ಒಂದೇ ಅಚ್ಚು. ಜಾಥಾ, ತಮಟೆ, ಘೋಷಣೆ, ಮೈಕು, ಬಿಸ್ಕತ್ತು. ಕುಷ್ಠರೋಗಕ್ಕೂ ಅದೇ, ಪ್ಲಾಸ್ಟಿಕ್ಕಿಗೂ ಅದೇ, ಮತದಾನಕ್ಕೂ ಅದೇ. ಮುಂದಿರುವ ಬ್ಯಾನರ್ ಮಾತ್ರ ಬದಲಾಗುತ್ತದೆ.

ಆ ಹೋಬಳಿಗೆಲ್ಲ ಆಟಿಸಂ ಇರುವ ಮಗು ಎಂದು ಗುರುತಾಗಿದ್ದದ್ದು ಒಂದೇ. ಐದನೇ ಕ್ಲಾಸಿನ ಹುಡುಗ. ಅವನಿಗೆ ಮಿಕ್ಸಿ ಸದ್ದೇ ಆಗುವುದಿಲ್ಲ, ಅವರ ಮನೆಯಲ್ಲಿ ಚಟ್ನಿಯನ್ನು ಇವತ್ತಿಗೂ ಒರಳಲ್ಲಿ ರುಬ್ಬುತ್ತಾರೆ. ‘ಈ ಮಕ್ಕಳಿಗೆ ಗದ್ದಲ ಆಗುವುದಿಲ್ಲ, ದಯವಿಟ್ಟು ಶಬ್ದ ಮಾಡಬೇಡಿ’ ಎಂಬ ಘೋಷಣೆಯನ್ನು ನಾನೇ ಬರೆದುಕೊಟ್ಟಿದ್ದೆ. ಎಂಬತ್ತು ಮಕ್ಕಳು ಅದನ್ನು ಗಂಟಲು ಹರಿಯುವ ಹಾಗೆ ಕೂಗಿಕೊಂಡು, ಆರು ತಮಟೆಯ ಜೊತೆ ಬೀದಿ ಬೀದಿ ಸುತ್ತಿದರು. ಮೊದಲ ತಮಟೆಯ ಮೊದಲ ಏಟಿಗೇ ಹುಡುಗ ಓಡಿಹೋಗಿ ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆಗಳ ಹಿಂದೆ ಕೂತು ಎರಡೂ ಕಿವಿ ಮುಚ್ಚಿಕೊಂಡ. ನಾನೂ ಅವನ ಪಕ್ಕದಲ್ಲೇ ಕೂತೆ. ಅವತ್ತಿನ ಮಟ್ಟಿಗೆ ಕೆಲಸ ಅಂತ ಮಾಡಿದ್ದು ಅದೊಂದೇ.

ಮುಖ್ಯ ಅತಿಥಿಗಳು ಊರ ಮುಖಂಡರು. ಶಾಲು ಹಿಡಿದುಕೊಂಡು, “ಎಲ್ರೀ ಆ ಮಗು, ಸನ್ಮಾನ ಮಾಡ್ಬೇಕಲ್ಲ” ಎಂದು ಹುಡುಕಿಸಿದರು. ಸಿಗಲಿಲ್ಲ. ಕೊನೆಗೆ ಮುಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದ ಒಬ್ಬ ಹುಡುಗನಿಗೆ ಹೊದಿಸಿ ಫೋಟೋ ತೆಗೆಸಿದರು. ಅವನು ಪಾಪ, ಇಡೀ ಶಾಲೆಯಲ್ಲೇ ಅತಿ ತರಲೆ. ಯಾಕೆ ಸನ್ಮಾನ ಎಂದು ಗೊತ್ತಾಗದೆ ವಾರವಿಡೀ ಸಭ್ಯನಾಗಿದ್ದ.

ಆಮೇಲೆ ಭಾಷಣ. ಸ್ಟೋರ್ ರೂಮಿನ ಗೋಡೆ ದಾಟಿ ನಮಗೂ ಸ್ಪಷ್ಟವಾಗಿ ಕೇಳಿಸಿತು: “ಬಂಧುಗಳೇ, ಈ ಮಕ್ಳಿಗೆ ಶಬ್ದ ಅಂದ್ರೆ ಆಗಲ್ವಂತೆ. ಇದು ಎಲ್ರಿಗೂ ಗೊತ್ತಾಗ್ಬೇಕಾದ ವಿಷ್ಯ. ಲೇ ಮೈಕ್‌ನೋನೇ, ಸ್ವಲ್ಪ ಜೋರು ಕೊಡ್ಲಾ, ಹಿಂದಿನೋರ್ಗೂ ಕೇಳ್ಲಿ!”

೩. ಡೆಬ್ಬೈ ಐದು

ಇದು ಪಾವಗಡದ್ದು. ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ಕ್ಯಾಂಪು. ಮಗುವಿಗೆ ಎಷ್ಟು ಪರ್ಸೆಂಟ್ ತೊಂದರೆ ಇದೆ ಎಂದು ಡಾಕ್ಟರು ಬರೆದುಕೊಡುತ್ತಾರೆ. ರಾಯಚರ್ಲು ಕಡೆಯಿಂದ ಒಬ್ಬ ತಂದೆ ತನ್ನ ಮಗನನ್ನು ಕರೆದುಕೊಂಡು ಬಂದಿದ್ದ. ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಪ್ಲೇಟುಗಳು ಒಂದೇ ಕಡೆಗೆ ಮುಖ ಮಾಡಿ ಸಾಲಾಗಿ ನಿಂತಿರುವ ಊರು ಅದು. ಆ ಮಗುವಿಗೂ ಎಲ್ಲವೂ ಸಾಲಾಗಿಯೇ ಇರಬೇಕು.

ಡಾಕ್ಟರು ಹೆಸರು ಕೇಳಿದರು, ಮಗು ಹೇಳಲಿಲ್ಲ. ಬಣ್ಣ ತೋರಿಸಿದರು, ನೋಡಲಿಲ್ಲ. “ಸರಿ, ಹೊರಗೆ ಆಟ ಆಡ್ಲಿ, ಆಮೇಲೆ ನೋಡ್ತೀನಿ” ಎಂದರು. ಹೊರಗೆ ಬಾಗಿಲ ಮುಂದೆ ಜನ ಬಿಟ್ಟಿದ್ದ ಚಪ್ಪಲಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಮಗುವಿಗೆ ಜನ್ಮ ಸಾರ್ಥಕವಾಗುವಂಥ ಕೆಲಸ ಸಿಕ್ಕಿತು.

ಮಧ್ಯಾಹ್ನ ಡಾಕ್ಟರು ಊಟಕ್ಕೆಂದು ಹೊರಗೆ ಬಂದರೆ, ನೂರಾರು ಚಪ್ಪಲಿ ಚಿಕ್ಕದರಿಂದ ದೊಡ್ಡದಕ್ಕೆ ಗೇಟಿನವರೆಗೂ ಒಂದೇ ಸಾಲು. ಜೋಡಿ ನೋಡಿ ಇಟ್ಟದ್ದಲ್ಲ, ಅಳತೆ ನೋಡಿ ಇಟ್ಟದ್ದು. ಜನ ಒಂದು ಕಾಲಿಗೆ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತ ಕುಂಟುತ್ತಿದ್ದರು. ದೂರದಿಂದ ನೋಡಿದವರಿಗೆ ಕ್ಯಾಂಪಿನಲ್ಲಿ ಕಾಲಿನ ತೊಂದರೆಯವರೇ ಜಾಸ್ತಿ ಬಂದಿದ್ದಾರೆ ಎನಿಸಬೇಕು. ಡಾಕ್ಟರದ್ದು ಹತ್ತನೇ ನಂಬರಿನ ಬೂಟು, ಅದು ಗೇಟಿನಾಚೆ ಬಿಸಿಲಲ್ಲಿತ್ತು. ಬರಿಗಾಲಲ್ಲಿ ಅಲ್ಲಿಯವರೆಗೆ ನಡೆದುಹೋಗಿ, ಬೂಟು ಹಾಕಿಕೊಂಡು ವಾಪಸು ಬಂದು, ಊಟಕ್ಕೂ ಹೋಗದೆ ಪ್ರಮಾಣಪತ್ರ ಬರೆದುಕೊಟ್ಟರು.

ತಂದೆ ಅದನ್ನು ಎದೆಗೆ ಒತ್ತಿಕೊಂಡು ಬಂದ. ಸಾಲಿನಲ್ಲಿದ್ದ ಒಬ್ಬ ಮುದುಕಿ ಎಷ್ಟು ಬಂತೆಂದು ಆ ಕಡೆಯ ತೆಲುಗಿನಲ್ಲಿ ಕೇಳಿದಳು, “ಎಂತ ಒಚ್ಚಿಂದಪ್ಪಾ?”

“ಡೆಬ್ಬೈ ಐದು” ಎಂದ, ಎಪ್ಪತ್ತೈದು.

ಮುದುಕಿ ಮಗುವಿನ ತಲೆ ನೇವರಿಸಿ ನಿಟ್ಟುಸಿರು ಬಿಟ್ಟಳು. “ಮಾ ಮನವಡಿಕಿ ಟೆಂತ್‌ಲೋ ಕೂಡಾ ಅಂತ ರಾಲೇದು.” ನಮ್ಮ ಮೊಮ್ಮಗನಿಗೆ ಹತ್ತನೇ ಕ್ಲಾಸಲ್ಲೂ ಅಷ್ಟು ಬರಲಿಲ್ಲ ಕಣಪ್ಪಾ ಎಂದು.

೪. ಇವತ್ತು ಬಂದ

ಈಗ ಮತ್ತೆ ಮಿಡಿಗೇಶಿ ಕಡೆಯ ನಮ್ಮ ಹುಡುಗಿಯ ಶಾಲೆಗೆ ಬನ್ನಿ. ಆಗಸ್ಟ್ ಹದಿನೈದು. ಧ್ವಜ ಹಾರಿಸಿ ಆದ ಮೇಲೆ ಬಹುಮಾನ ಹಂಚುವುದಿತ್ತು. ಒಂದು ದಿನವೂ ತಪ್ಪದೆ ಶಾಲೆಗೆ ಬಂದ ಮಗುವಿಗೆಂದು ಒಂದು ಬಹುಮಾನ. ಅದು ಬಂದದ್ದು ಅಧ್ಯಕ್ಷರ ಮಗನಿಗೆ.

ಹಾಜರಿ ಪುಸ್ತಕದ ಪ್ರಕಾರ ನ್ಯಾಯವೇ. ಬೇರೆ ಮಕ್ಕಳಿಗೆ ಜ್ವರ ಬರುತ್ತದೆ, ನೆಂಟರ ಮನೆಯ ಮದುವೆ ಬರುತ್ತದೆ. ಪುಸ್ತಕದೊಳಗೇ ಇರುವವನಿಗೆ ಅದ್ಯಾವುದೂ ಇಲ್ಲವಲ್ಲ. ಹುಡುಗ ಮಾತ್ರ ಬಹುಮಾನ ತೆಗೆದುಕೊಳ್ಳಲೆಂದು ಕಾನ್ವೆಂಟಿನ ಟೈ, ಬೂಟು ಹಾಕಿಕೊಂಡೇ ಬಂದಿದ್ದ. ಟೈ ಬಿಚ್ಚೋ ಎಂದರೆ ಬಿಚ್ಚಲು ಅವನಿಗೆ ಬರುತ್ತಿರಲಿಲ್ಲ, ಅವರಪ್ಪನಿಗೂ ಬರುತ್ತಿರಲಿಲ್ಲ.

ಅವತ್ತು ಒಂದು ಪವಾಡ ನಡೆಯಿತು. ಎಂದಿನಂತೆ ಬಾಗಿಲಲ್ಲಿ ನಿಂತಿದ್ದ ನಮ್ಮ ಹುಡುಗಿ, ಮಕ್ಕಳೆಲ್ಲ ಬಂದು ಕೂತ ಮೇಲೆ ತಾನಾಗಿಯೇ ಬಂದು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಳು. ಯಾರೂ ಎಳೆಯಲಿಲ್ಲ, ಗದರಲಿಲ್ಲ. ಹೆಡ್‌ಮೇಷ್ಟ್ರು ಕಣ್ಣರಳಿಸಿ, “ಮೇಡಂ, ನಿಮ್ಮ ಕಾರ್ಡು ಕೆಲ್ಸ ಮಾಡ್ತು!” ಎಂದರು. ನಾನೂ ಹೌದೆಂದುಕೊಂಡು ಸೀರೆ ಸೆರಗು ಸರಿಮಾಡಿಕೊಂಡೆ.

ಹೆಡ್‌ಮೇಷ್ಟ್ರು ಮೈಕಿನಲ್ಲಿ ಘೋಷಿಸಿದರು: “ಈ ಸಾಲಿನಲ್ಲಿ ಒಂದೇ ಒಂದು ದಿನವೂ ತಪ್ಪಿಸದೆ ಶಾಲೆಗೆ ಬಂದ ವಿದ್ಯಾರ್ಥಿ...”

ಚಾಪೆಯ ಕಡೆಯಿಂದ ನಮ್ಮ ಹುಡುಗಿಯ ದನಿ ಬಂತು. ಸ್ಪಷ್ಟವಾಗಿ, ಗಂಟೆ ಹೊಡೆದ ಹಾಗೆ. “ಇವತ್ತು ಬಂದ.”

ಹಿಂದೆ ನಿಂತಿದ್ದ ಗಂಡಸರು ಕೆಮ್ಮತೊಡಗಿದರು. ಅಧ್ಯಕ್ಷರ ಮುಖ ಕೆಂಪಾಯಿತು. ನಾನು ಓಡಿಹೋಗಿ ಬೆರಳನ್ನು ತುಟಿಯ ಮೇಲಿಟ್ಟು “ಶ್!” ಎಂದೆ. ಹುಡುಗಿಗೆ ಮಾತು ಬರಲಿ ಎಂದು ಎರಡು ತಿಂಗಳು ಹೆಣಗಿದವಳು, ಅವಳು ಶಾಲೆಯಲ್ಲಿ ಬಾಯಿ ತುಂಬ ಆಡಿದ ಮೊದಲ ಪೂರ್ತಿ ಮಾತಿಗೇ ಬಾಯಿ ಮುಚ್ಚಿಸಿದೆ. ಇದನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಾರನೇ ದಿನದಿಂದ ಹುಡುಗಿ ಮತ್ತೆ ಬಾಗಿಲಲ್ಲಿ. ಆ ಮಾತು ಮಾತ್ರ ಊರಲ್ಲಿ ನಿಂತುಬಿಟ್ಟಿತು. ಅಧ್ಯಕ್ಷರು ಟೀ ಅಂಗಡಿಗೆ ಕಾಲಿಟ್ಟರೆ ಸಾಕು, ಮೂಲೆಯಿಂದ ಯಾರೋ “ಇವತ್ತು ಬಂದ” ಅನ್ನುವುದು, ಉಳಿದವರು ಗ್ಲಾಸಿನೊಳಗೆ ಮುಖ ಮುಚ್ಚಿಕೊಳ್ಳುವುದು. ಅಧ್ಯಕ್ಷರು ಹದಿನೈದು ದಿನ ಮನೆಯಲ್ಲೇ ಟೀ ಕುಡಿದರು. ಹದಿನಾರನೇ ದಿನ ಶಾಲೆಗೆ ಬಂದು, ಆ ಹುಡುಗಿಗೆ ಟಿ.ಸಿ. ಕೊಟ್ಟು ಕಳಿಸಿ ಎಂದರು.

೫. ಲಗತ್ತು: ಒಂದು

ಕಾನೂನಿನ ಪ್ರಕಾರ ಮಗುವನ್ನು ಹಾಗೆಲ್ಲ ಶಾಲೆಯಿಂದ ಕಳಿಸುವಂತಿಲ್ಲ. ಆದರೆ ‘ಪೋಷಕರ ಇಚ್ಛೆಯ ಮೇರೆಗೆ’ ಎಂಬ ಮೂರು ಪದಗಳಿವೆ, ಅವು ಇದ್ದರೆ ಯಾರನ್ನು ಬೇಕಾದರೂ ಕಳಿಸಬಹುದು. ಹೊರಗೆ ಹೋದ ಮೇಲೆ ಇನ್ಯಾವ ಶಾಲೆಯೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮನೆಯೇ ಶಾಲೆ ಎಂದು ಬರೆದುಕೊಂಡು ಫೈಲು ಮುಚ್ಚುತ್ತಾರೆ.

ಅದೇ ಹೊತ್ತಿಗೆ ನಾಲ್ಕೂ ತಾಲ್ಲೂಕಿನ ಆಯ್ದ ಹೆಡ್‌ಮೇಷ್ಟ್ರುಗಳಿಗೆ ಶಿರಾದಲ್ಲಿ ತರಬೇತಿ ಇತ್ತು. ಪಾಠ ಮಾಡುವವಳು ನಾನೇ. ನಮ್ಮ ಹುಡುಗಿಯ ಹೆಡ್‌ಮೇಷ್ಟ್ರನ್ನೂ ಹಾಕಿಸಿಕೊಂಡು ಮುಂದಿನ ಬೆಂಚಿನಲ್ಲಿ ಕೂರಿಸಿದೆ. ಇವರೊಬ್ಬರಿಗೆ ಅರ್ಥವಾದರೆ ಸಾಕು ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಒದರಿದೆ. ಆಟಿಸಂ ಇರುವ ಮಗು ಹೇಳಿದ್ದನ್ನೇ ಹೇಳಬಹುದು, ಮುಖ ನೋಡದಿರಬಹುದು, ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಲ್ಲಬಹುದು ಎಂದು ಕರಪತ್ರ ಬೇರೆ ಅಚ್ಚು ಹಾಕಿಸಿ ಹಂಚಿದೆ. ಹೆಡ್‌ಮೇಷ್ಟ್ರು ತಲೆ ಬಗ್ಗಿಸಿ ಪ್ರತಿಯೊಂದನ್ನೂ ಬರೆದುಕೊಂಡರು. ನೋಡಿ ನನಗೆ ಕಣ್ಣು ತುಂಬಿ ಬಂತು.

ನಮ್ಮ ಹುಡುಗಿಯ ಬಾಗಿಲಿನ ವಿಷಯವನ್ನೂ ಉದಾಹರಣೆಯಾಗಿ ಹೇಳಿದೆ. ಹಿಂದಿನ ಬೆಂಚಿನಲ್ಲಿ ಶಿರಾದ ಉರ್ದು ಶಾಲೆಯ ವಯಸ್ಸಾದ ಮೇಷ್ಟ್ರೊಬ್ಬರಿದ್ದರು. ಅವರು ಕೈಯೆತ್ತಿ ಕೇಳಿದರು, “ಮೇಡಂ, ಕಾರ್ಡು ಗೀರ್ಡು ಸಬ್ ಠೀಕ್. ಯಾಕೆ ನಿಲ್ತೀಯಮ್ಮ ಅಂತ ಬಚ್ಚೀನ ಕೇಳಿದ್ರಾ?”

ಎಲ್ಲರೂ ನಕ್ಕರು. ನಾನೂ ನಕ್ಕು, “ಅಂಥ ಮಕ್ಕಳು ಹಾಗೆ ಕೇಳಿದ್ರೆ ಉತ್ತರ ಕೊಡಲ್ಲ ಸರ್” ಎಂದು ತಿಳಿದವಳ ಹಾಗೆ ಹೇಳಿ ಮುಂದಿನ ವಿಷಯಕ್ಕೆ ಹೋದೆ.

ವಾರದೊಳಗೆ ತಾಲ್ಲೂಕಿನ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಸಾಹೇಬರ ಟೇಬಲ್ಲಿಗೆ ಆ ಶಾಲೆಯಿಂದ ಒಂದು ಅರ್ಜಿ ಬಂತು. ಅಧ್ಯಕ್ಷರ ಸಹಿ, ಹೆಡ್‌ಮೇಷ್ಟ್ರ ಕೈಬರಹ. ‘ಸದರಿ ವಿದ್ಯಾರ್ಥಿನಿಯು ಹೇಳಿದ್ದನ್ನೇ ಹೇಳುತ್ತಾಳೆ, ಯಾರ ಮುಖವನ್ನೂ ನೋಡುವುದಿಲ್ಲ, ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾಳೆ. ಇದರಿಂದ ಅದೇ ಕೊಠಡಿಯಲ್ಲಿ ಪ್ರತಿದಿನ ಕುಳಿತು ಓದುತ್ತಿರುವ ನನ್ನ ಮಗನ ವಿದ್ಯಾಭ್ಯಾಸಕ್ಕೆ ತೀವ್ರ ತೊಂದರೆಯಾಗುತ್ತಿದೆ.’ ಹೆಡ್‌ಮೇಷ್ಟ್ರು ಶ್ರದ್ಧೆಯಿಂದ ಬರೆದುಕೊಂಡದ್ದೆಲ್ಲ ಅದರಲ್ಲಿತ್ತು, ಒಂದೂ ತಪ್ಪಿಲ್ಲ.

ಕೊನೆಯ ಸಾಲು: ‘ಲಗತ್ತು: ಸಂಪನ್ಮೂಲ ಶಿಕ್ಷಕಿಯವರೇ ನೀಡಿರುವ ಕರಪತ್ರ, ಒಂದು.’

೬. ಹೆಬ್ಬೆಟ್ಟು

ಸಾಹೇಬರೇ ಖುದ್ದಾಗಿ ಶಾಲೆಗೆ ಬರುತ್ತೇನೆ, ಎಲ್ಲರೂ ಇರಬೇಕು ಎಂದರು. ನನಗೂ ಟೂರ್ ಡೈರಿ ತರಲು ಹೇಳಿದ್ದರು, ಹುಡುಗಿಗೆ ನಾನು ಏನೇನು ಕಲಿಸಿದ್ದೇನೆಂದು ನೋಡಬೇಕಂತೆ. ಅಂದು ಗುರುವಾರ. ಹಿಂದಿನ ಮಂಗಳವಾರ ಶಿರಾದಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶವಿತ್ತು. ಡೈರಿಯ ಆ ಪುಟದಲ್ಲಿ ಅಕ್ಷರಗಳು ಬಹಳ ದುಂಡಗಿದ್ದವು. ಸಾಹೇಬರು ಅಷ್ಟು ಬಾರೀಕಾಗಿ ನೋಡುವವರಲ್ಲ ಎಂದು ಧೈರ್ಯವಾಗಿ ಕೊಟ್ಟೆ.

ತರಗತಿಯಲ್ಲೇ ಸಭೆ. ಒಂದು ಕಡೆ ಅಧ್ಯಕ್ಷರು, ಇನ್ನೊಂದು ಕಡೆ ಹೆಡ್‌ಮೇಷ್ಟ್ರು, ನಡುವೆ ಟೇಬಲ್ಲಿನ ಮೇಲೆ ‘ಪೋಷಕರ ಇಚ್ಛೆಯ ಮೇರೆಗೆ’ ಎಂದು ಬರೆದು ತಯಾರಾಗಿದ್ದ ಕಾಗದ, ಪಕ್ಕದಲ್ಲಿ ಸ್ಟಾಂಪ್ ಪ್ಯಾಡು. ಅಜ್ಜಿ ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದು ನೆಲದ ಮೇಲೆ ಕೂತಿದ್ದಳು. ಹುಡುಗಿ ಎಂದಿನಂತೆ ಬಾಗಿಲಲ್ಲಿ.

“ಅಜ್ಜಿ, ಒಂದು ಹೆಬ್ಬೆಟ್ಟು ಒತ್ಬುಡು, ಮುಗೀತು” ಎಂದರು ಅಧ್ಯಕ್ಷರು.

“ಯಾತಕ್ಕಪ್ಪ?”

“ನಿನ್ ಮೊಮ್ಮಗಳು ನಮ್ ಹುಡುಗ್ರಿಗೆ ಓದಾಕೆ ಬುಡಾಕಿಲ್ಲ ಕಣಮ್ಮ. ನನ್ ಮಗ ದಿನಾ ಮನೀಗ್ ಬಂದು ಅಳ್ತಾನೆ, ಆ ಹುಡ್ಗಿ ಬಾಗ್ಲಲ್ಲಿ ನಿಂತ್ರೆ ನಂಗೆ ಬೋರ್ಡೇ ಕಾಣ್ಸಾಕಿಲ್ಲ ಅಂತ.”

ಅಜ್ಜಿ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. “ಹೆಬ್ಬೆಟ್ಟು ಒತ್ತಿದ್ರೆ ಇವ್ಳು ಇಲ್ಲೀಗೆ ಬರಂಗಿಲ್ವಾ? ಅಂಗಾದ್ರೆ ನಂಗೆ ಹೆಬ್ಬೆಟ್ಟೇ ಇಲ್ಲ ಅಂತ ಬರ್ಕಳಪ್ಪ.”

ನಾನು ಎದ್ದು ನಿಂತು, ಸಾರ್, ಈ ಮಗುವಿಗೆ ಟಿ.ಸಿ. ಕೊಡಬಾರದು, ಅವಳ ಜಾಗ ಇದೇ ಎಂದೆ. ಕಾನೂನು ಹೇಳಿದೆ, ಕಾರ್ಡು ತೋರಿಸಿದೆ. ಸಾಹೇಬರು ಎಲ್ಲ ಕೇಳಿಸಿಕೊಂಡು, “ಅದೆಲ್ಲ ಸರಿ ಮೇಡಂ. ಆ ಮಗು ಬಾಗ್ಲಲ್ಲಿ ಯಾಕೆ ನಿಲ್ಲುತ್ತೆ?” ಎಂದರು.

“ಬಾಗಿಲಿನ ಬಗ್ಗೆ ವಿಶೇಷ ಆಸಕ್ತಿ ಸರ್” ಎಂದೆ.

ಸಾಹೇಬರು ನನ್ನನ್ನು ಒಂದು ಸಲ ನೋಡಿ, ಎದ್ದು ಬಾಗಿಲ ಹತ್ತಿರ ಹೋದರು. ಹುಡುಗಿಯ ಮುಖ ನೋಡಲಿಲ್ಲ. ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವಳು ನೋಡುತ್ತಿದ್ದ ರಸ್ತೆಯನ್ನೇ ತಾವೂ ನೋಡತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, “ಯಾರು ಬಂದಿಲ್ಲಮ್ಮ?” ಎಂದು ಕೇಳಿದರು.

ಇಷ್ಟು ದಿನ ಯಾರೂ ಕೇಳದಿದ್ದ ಪ್ರಶ್ನೆ. ಉತ್ತರ ಕೂಡಲೇ ಬಂತು.

“ಟೈ ಅಣ್ಣ.”

“ಯಾವ ಟೈ ಅಣ್ಣ?”

“ಅಧ್ಯಕ್ಷರ ಮನೆ ಟೈ ಅಣ್ಣ. ಮೇಷ್ಟ್ರು ಹೆಸ್ರು ಕೂಗ್ತಾರೆ. ಬಂದಿಲ್ಲ. ನಿನ್ನೆ ಬಂದಿಲ್ಲ. ಮೊನ್ನೆ ಬಂದಿಲ್ಲ. ಹಳದಿ ವ್ಯಾನು. ಏಳು ನಲ್ವತ್ತು. ಕಿಟಕಿ ಸೀಟು.”

ರೊಪ್ಪದಲ್ಲಿ ಒಂದು ಕುರಿ ಕಡಿಮೆಯಾದರೆ ಹೇಗೋ ಹಾಗೆ. ಹಾಜರಿಯಲ್ಲಿ ಹೆಸರು ಕೂಗಿದ ಮೇಲೆ ಅವನು ಬರಲೇಬೇಕು, ಬರುವವರೆಗೂ ಬಾಗಿಲು ಬಿಡುವಂತಿಲ್ಲ. ಯಾರ ಓದಿಗೆ ಇವಳಿಂದ ತೊಂದರೆ ಎಂದು ಅರ್ಜಿ ಬರೆದಿದ್ದರೋ, ಅವನಿಗಾಗಿಯೇ ಆ ಏಳು ವರ್ಷದ ಮಗು ಮೂರು ತಿಂಗಳಿಂದ ಕಾಲು ನೋಯಿಸಿಕೊಂಡು ಕಾಯುತ್ತಿತ್ತು. ಅವನನ್ನು ಅಷ್ಟು ನಿಜವಾಗಿ ಆ ಶಾಲೆಯ ವಿದ್ಯಾರ್ಥಿ ಎಂದು ನಂಬಿದ್ದವಳು ಇಡೀ ಊರಲ್ಲಿ ಅವಳೊಬ್ಬಳೇ.

ಸಾಹೇಬರು ಹಾಜರಿ ಪುಸ್ತಕ ತೆಗೆದರು. ಅಧ್ಯಕ್ಷರ ಮಗನ ಸಾಲಿನಲ್ಲಿ ಜೂನ್‌ನಿಂದ ಅವತ್ತಿನವರೆಗೆ ಒಂದೂ ಗೈರುಹಾಜರಿ ಇಲ್ಲ. “ಇವತ್ತೂ ಹಾಜರು ಅಂತಿದೆ. ಎಲ್ಲಿ ಹುಡುಗ?”

ಹೆಡ್‌ಮೇಷ್ಟ್ರು ಬೆಂಚಿನ ಕೆಳಗೆ ನೋಡಿದರು, ಅಲ್ಲೇನಾದರೂ ಇದ್ದಾನೋ ಎಂಬಂತೆ.

“ಸಾ, ಬುದ್ಧಿ ಸರಿಯಿಲ್ಲದ ಮಗು ಯೋಳಿದ್ದನ್ನ ನಂಬ್ತೀರಾ?” ಎಂದರು ಅಧ್ಯಕ್ಷರು. ದನಿಯಲ್ಲಿ ಎಂದಿನ ಗತ್ತಿರಲಿಲ್ಲ.

ಅಜ್ಜಿ ನೆಲದಿಂದಲೇ ಹೇಳಿದಳು, “ಒಂದ್ಸಲ ಮುನ್ನೂರು ಕುರಿಯಾಗೆ ಒಂದು ಮರಿ ಇಲ್ಲ ಅಂದ್ಲು ಕಣಪ್ಪ. ಎಲ್ರೂ ಇವ್ಳಿಗೆ ಉಚ್ಚು ಅಂದ್ರು. ಮರಿ ನಿಮ್ ಕೊಟ್ಗೇಲಿ ಸಿಕ್ತು.”

ಅಧ್ಯಕ್ಷರು ಸ್ಟಾಂಪ್ ಪ್ಯಾಡಿನ ಮುಚ್ಚಳ ಮುಚ್ಚಿದರು.

ಸಾಹೇಬರು ಅರ್ಜಿಯನ್ನು ಮಡಚಿದರು. “ನೋಡಿ ಅಧ್ಯಕ್ಷರೇ, ಅಧ್ಯಕ್ಷ ಆಗಿರ್ಬೇಕಾದ್ರೆ ಮಗು ಈ ಶಾಲೇಲಿ ಓದ್ತಿರ್ಬೇಕು. ಓದ್ತಿಲ್ಲ ಅಂದ್ರೆ ಟಿ.ಸಿ. ನಿಮ್ಮ ಹುಡುಗನಿಗೆ ಬರೀಬೇಕು, ನೀವೂ ಕುರ್ಚಿ ಬಿಡ್ಬೇಕು. ಯಾವ್ದು ಮಾಡೋಣ?”

ಅಧ್ಯಕ್ಷರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. “ನಾಳಿಂದ ಬತ್ತಾನೆ ಸಾ. ನಾನೇ ಗಾಡೀಲಿ ತಂದ್ ಬುಡ್ತೀನಿ.”

“ಬಂದ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಇನ್ಮೇಲೆ ಮೇಷ್ಟ್ರು ಹಾಜರಿ ಕೂಗ್ಲಿ, ಈ ಮಗು ‘ಬಂದ’ ಅಂದ ಮೇಲೆ ಬರ್ಕೊಳ್ಲಿ” ಎಂದರು ಸಾಹೇಬರು. ಅವರು ತಮಾಷೆಗೆ ಹೇಳಿದರೋ ನಿಜಕ್ಕೋ, ಅದು ಇವತ್ತಿಗೂ ನಡೆದುಕೊಂಡು ಬರುತ್ತಿದೆ. ಬೆಳಿಗ್ಗೆ ಅಧ್ಯಕ್ಷರು ಮಗನನ್ನು ಇಳಿಸಿ, ಗಾಡಿ ಆಫ್ ಮಾಡಿ, ಹುಡುಗಿ “ಬಂದ” ಅನ್ನುವವರೆಗೂ ಗೇಟಿನಲ್ಲಿ ಕಾಯುತ್ತಾರೆ. ಅಂದ ಕೂಡಲೇ ಅವಳು ಹೋಗಿ ಕೂರುತ್ತಾಳೆ, ಪಾಠ ಶುರುವಾಗುತ್ತದೆ.

ಅವತ್ತು ಅಜ್ಜಿ ಸೆರಗಿನಿಂದ ಕೈ ಹೊರಗೆ ತೆಗೆದು ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು. ಇಷ್ಟು ವರ್ಷದ ಸುತ್ತಾಟ ಸಾರ್ಥಕ ಎನ್ನಿಸಿ, “ನೋಡಿ ಸರ್, ನಾನು ಮೊದಲಿಂದ್ಲೂ ಹೇಳ್ತಿದ್ದೆ, ಈ ಮಕ್ಕಳು ಸುಳ್ಳು ಹೇಳಲ್ಲ, ನೋಡಿದ್ದನ್ನ ಮರೆಯಲ್ಲ, ಅದನ್ನ ನಾವು ಗುರುತಿಸ್ಬೇಕು” ಎಂದು ಪುಟ್ಟ ಭಾಷಣವನ್ನೇ ಮಾಡಿದೆ.

ನನ್ನ ದನಿ ಕೇಳಿ ಹುಡುಗಿ ಬಾಗಿಲಿನಿಂದ ತಿರುಗಿದಳು. ಸೀದಾ ಗೋಡೆಯ ಹತ್ತಿರ ಹೋಗಿ, ಮಂಗಳವಾರದ ಚೌಕದಲ್ಲಿದ್ದ ನನ್ನ ಪಾಸ್‌ಪೋರ್ಟ್ ಫೋಟೋದ ಮೇಲೆ ಬೆರಳಿಟ್ಟಳು.

“ಮೇಡಂ. ಮಂಗಳವಾರ ಬಂದಿಲ್ಲ.”

ಸಾಹೇಬರು ಟೇಬಲ್ಲಿನ ಮೇಲಿದ್ದ ನನ್ನ ಟೂರ್ ಡೈರಿಯನ್ನು ಕೈಗೆತ್ತಿಕೊಂಡರು. ಪುಟ ತಿರುವಿದರು. ಮಂಗಳವಾರಕ್ಕೆ ಬಂದು ನಿಂತರು. ಕನ್ನಡಕ ಸರಿಮಾಡಿಕೊಂಡು ಆ ದುಂಡನೆಯ ಅಕ್ಷರಗಳನ್ನು ಬಹಳ ಹೊತ್ತು ಓದಿದರು. ಆಮೇಲೆ ನಿಧಾನವಾಗಿ ಡೈರಿ ಮುಚ್ಚಿ ನನ್ನ ಕಡೆ ನೋಡಿದರು.

“ಮೇಡಂ, ಈ ಹುಡುಗಿಗೆ ಟಿ.ಸಿ. ಕೊಡಬಾರದು ಅಂದ್ರಲ್ಲ?”

“ಹೌದು ಸರ್.”

“ಈಗ್ಲೂ ಅದೇ ಹೇಳ್ತೀರಾ?”

“ಹೌದು ಸರ್” ಎಂದೆ. ದನಿ ಸ್ವಲ್ಪ ಸಣ್ಣದಾಗಿತ್ತು.